‘ನಾಳೆ ಬನ್ನಿ’ ಎಂದವರಿಂದ ಬರೆಸಿಕೊಳ್ಳುವುದು ಹೇಗೆ: ಪೌತಿ ಖಾತೆಯ ಕಡತ ಕದಲಿಸುವ ದಾರಿ

ಅಪ್ಪ ತೀರಿಕೊಂಡ ಮೇಲೆ ತೋಟದ ಪಹಣಿಯನ್ನು ಅಮ್ಮನ ಮತ್ತು ನಮ್ಮ ಹೆಸರಿಗೆ ಮಾಡಿಸಲು ನಾನು ಹದಿನಾಲ್ಕು ತಿಂಗಳು ಅಲೆದೆ. ಹೋದಾಗಲೆಲ್ಲ ಬಾಯಿಮಾತಿನ ಉತ್ತರ ಸಿಗುತ್ತಿತ್ತು. ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’, ‘ಸರ್ವರ್ ಇಲ್ಲ’, ‘ಫೈಲ್ ಮೇಲೆ ಹೋಗಿದೆ’, ‘ಮುಂದಿನ ವಾರ ಬನ್ನಿ’. ಕೊನೆಗೆ ಮಾಹಿತಿ ಹಕ್ಕಿನಡಿ ಕಡತದ ಟಿಪ್ಪಣಿ ಹಾಳೆಯ ಪ್ರತಿ ತೆಗೆಸಿದೆ. ಅದರಲ್ಲಿ ಇದ್ದದ್ದು ಎರಡೇ ಸಾಲು: ಕೈಬರಹದ ಪಹಣಿಯಲ್ಲಿ ಹೆಸರಿನ ಕೊನೆಗೆ ‘ಅಪ್ಪ’ ಎಂದಿದೆ, ಗಣಕೀಕೃತ ಪಹಣಿಯಲ್ಲಿ ‘ಅಯ್ಯ’ ಎಂದಿದೆ; ಅರ್ಜಿದಾರರಿಗೆ ತಿಳಿಸುವುದು. ಕೆಳಗೆ ಚಿಕ್ಕ ಸಹಿ, ಪಕ್ಕದಲ್ಲಿ ದಿನಾಂಕ. ನಾನು ಅರ್ಜಿ ಕೊಟ್ಟು ಇಪ್ಪತ್ತೆರಡನೆಯ ದಿನ ಬರೆದದ್ದು ಅದು. ಅಂದಿನಿಂದ ಕಡತ ಅಲ್ಲೇ ಕುಳಿತಿತ್ತು. ನಮಗೆ ತಿಳಿಸಬೇಕೆಂದು ಬರೆದಿದ್ದರು, ಯಾರೂ ತಿಳಿಸಲಿಲ್ಲ.

ಆ ಹಾಳೆ ನೋಡಿದ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಅದು ನನಗೆ ಒಂದು ಪಾಠವನ್ನೂ ಕಲಿಸಿತು. ಕಚೇರಿಯಲ್ಲಿ ಬಾಯಲ್ಲಿ ಕೇಳಿದ್ದಕ್ಕೆ ಲೆಕ್ಕವಿಲ್ಲ, ದಿನಾಂಕ ಬಿದ್ದ ಕಾಗದಕ್ಕೆ ಮಾತ್ರ ಲೆಕ್ಕ. ನಾನು ಅಷ್ಟು ಸಲ ಹೋಗಿ ಬಂದದ್ದಕ್ಕೆ ಆ ಕಡತದಲ್ಲಿ ಒಂದು ಅಕ್ಷರದ ಸಾಕ್ಷಿಯೂ ಇರಲಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಆ ಒಂದು ಮಾತಿನಿಂದ ಹೊರಟವು. ಪೌತಿ ಖಾತೆಯನ್ನು, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದನ್ನು, ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಮಲೆನಾಡಿನಲ್ಲಿ ತೀರಿಹೋದ ತಂದೆಯ, ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿರುವ ಮನೆಗಳು ಊರೂರಲ್ಲಿವೆ. ಪಹಣಿ ಸತ್ತವರ ಹೆಸರಿನಲ್ಲಿದ್ದರೆ ಸೊಸೈಟಿಯ ಬೆಳೆ ಸಾಲಕ್ಕೆ ತೊಡಕು, ಫ್ರೂಟ್ಸ್ (ರೈತರ ವಿವರ ದಾಖಲಿಸುವ ಸರ್ಕಾರಿ ತಂತ್ರಾಂಶ) ನೋಂದಣಿಗೆ ತೊಡಕು, ಅಡಿಕೆಗೆ ಹವಾಮಾನ ಆಧಾರಿತ ವಿಮೆ ಕಟ್ಟಲೂ ತೊಡಕು. ಕೊಳೆ ಬಂದು ಕಾಯಿ ನೆಲಕ್ಕೆ ಉದುರಿದ ವರ್ಷವೇ ನಮಗೆ ವಿಮೆ ಇರಲಿಲ್ಲ.

ಅರ್ಜಿಗೆ ಮೊದಲು ಹೆಸರು ತಾಳೆ ನೋಡಿ

ಹೆಚ್ಚಿನವರು ಈ ಹೆಜ್ಜೆಯನ್ನು ಬಿಡುತ್ತಾರೆ. ಕಡತ ಸಿಕ್ಕಿಕೊಳ್ಳುವುದೂ ಬಹುತೇಕ ಇಲ್ಲಿಯೇ. ಹಾಗಾಗಿ ಒಂದು ವಾರ ಹೋದರೂ ಚಿಂತೆಯಿಲ್ಲ, ಇದನ್ನು ಸರಿಯಾಗಿ ಮಾಡಿ.

ಮೊದಲು ಈಗಿನ ಪಹಣಿ ತೆಗೆಸಿ. ಕಾಲಂ 9ರಲ್ಲಿ ಯಾರ ಹೆಸರಿದೆ, ಕಾಲಂ 10ರಲ್ಲಿ ಆ ಹೆಸರು ಹೇಗೆ ಬಂತು ಎಂಬ ಮ್ಯುಟೇಶನ್ ಸಂಖ್ಯೆ ಏನಿದೆ, ಕಾಲಂ 11ರಲ್ಲಿ ಸಾಲವೋ ಬೇರೆ ಹಕ್ಕೋ ನಮೂದಾಗಿದೆಯೇ ಎಂದು ಓದಿ. ಅಪ್ಪ ಎಂದೋ ತೀರಿಸಿದ ಸೊಸೈಟಿ ಸಾಲ ಅಲ್ಲಿ ಹಾಗೇ ನಿಂತಿರುವುದು ಉಂಟು. ಹಾಗಿದ್ದರೆ ಸೊಸೈಟಿಯಿಂದ ಋಣಮುಕ್ತ ಪತ್ರ ಈಗಲೇ ತನ್ನಿ.

ಆಮೇಲೆ ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ, ಅಂದರೆ ರೆಕಾರ್ಡ್ ರೂಮಿಗೆ, ಅರ್ಜಿ ಹಾಕಿ ಹಳೆಯ ಕೈಬರಹದ ಪಹಣಿ ಮತ್ತು ಮ್ಯುಟೇಶನ್ ವಹಿಯ ದೃಢೀಕೃತ ಪ್ರತಿ ಪಡೆಯಿರಿ. ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿದರು. ಗ್ರಾಮ ಲೆಕ್ಕಿಗರ ವಹಿಯಲ್ಲಿದ್ದ ಬರವಣಿಗೆಯನ್ನು ನೋಡಿ ಬೆರಳಚ್ಚು ಮಾಡಿದಾಗ ಅಪ್ಪ ಅಯ್ಯನಾದರು, ‘ಬಿನ್’ ಮುಂದಿನ ತಂದೆಯ ಹೆಸರು ಬಿಟ್ಟುಹೋಯಿತು, ಎಕರೆ ಪಕ್ಕದ ಗುಂಟೆ ಹೆಚ್ಚುಕಡಿಮೆಯಾಯಿತು. ತಪ್ಪು ಮಾಡಿದ್ದು ಯಾರೇ ಆಗಲಿ, ಅದನ್ನು ಹುಡುಕುವ ಹೊರೆ ಇಂದು ನಮ್ಮ ಮೇಲೆ ಬಿದ್ದಿದೆ. ಇದು ಅನ್ಯಾಯವೇ. ಆದರೂ ಹುಡುಕಿಕೊಂಡೇ ಹೋದರೆ ಒಂದು ವರ್ಷ ಉಳಿಯುತ್ತದೆ.

ಈಗ ಒಂದು ಬಿಳಿ ಹಾಳೆ ತೆಗೆದುಕೊಂಡು ಗೆರೆ ಎಳೆದು, ತೀರಿಕೊಂಡವರ ಹೆಸರು ಪ್ರತಿಯೊಂದು ದಾಖಲೆಯಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಬರೆಯಿರಿ: ಪಹಣಿ, ಕೈಬರಹದ ಪಹಣಿ, ಮರಣ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಕೆಂಪು ಗುರುತು ಹಾಕಿ. ಪಹಣಿಯ ಹೆಸರೇ ತಪ್ಪಾಗಿದ್ದರೆ ತಿದ್ದುಪಡಿಗೆ ಪ್ರತ್ಯೇಕ ಅರ್ಜಿ ಕೊಡಬೇಕು. ಕೈಬರಹದ ಪಹಣಿಯ ಪ್ರತಿಯೇ ಅದಕ್ಕೆ ಆಧಾರ. ಉಳಿದ ದಾಖಲೆಗಳಲ್ಲಿ ಮಾತ್ರ ವ್ಯತ್ಯಾಸವಿದ್ದರೆ, ಎರಡೂ ಹೆಸರಿನವರು ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ ಅರ್ಜಿಯ ಜೊತೆಗೇ ಲಗತ್ತಿಸಿ. ಅವರು ಕೇಳಲಿ ಎಂದು ಕಾಯಬೇಡಿ.

ಮರಣ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಅಜ್ಜನ ಕಾಲದಲ್ಲಿ ಮನೆಯಲ್ಲೇ ಸತ್ತವರ ನೋಂದಣಿ ಆಗದೇ ಇರುವುದು ನಮ್ಮ ಕಡೆ ಸಾಮಾನ್ಯ. ಒಂದು ವರ್ಷ ದಾಟಿದ್ದರೆ ಆದೇಶ ಬೇಕು. ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕಿತ್ತು; 2023ರ ಕೇಂದ್ರ ತಿದ್ದುಪಡಿಯ ಬಳಿಕ ಆ ಅಧಿಕಾರ ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ, ಇಲ್ಲವೇ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ.

ಅರ್ಜಿಯ ಜೊತೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ‘ಮದುವೆಯಾಗಿ ಹೋದವಳು, ಏಕೆ ಸೇರಿಸುವುದು’ ಎಂದು ಊರಿನಲ್ಲಿ ಹೇಳುವವರಿದ್ದಾರೆ. ಅದು ಕಾನೂನಿಗೂ ಒಪ್ಪುವುದಿಲ್ಲ, ನ್ಯಾಯಕ್ಕೂ ಒಪ್ಪುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಸುಳ್ಳು ವಂಶವೃಕ್ಷದ ಮೇಲೆ ಖಾತೆಯಾದರೆ ಮುಂದೊಂದು ದಿನ ಅದೇ ವ್ಯಾಜ್ಯವಾಗುತ್ತದೆ. ಅಕ್ಕ, ತಂಗಿಯರು ತಮ್ಮ ಪಾಲು ಬೇಡವೆಂದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ದಾರಿ ಬೇರೆಯೇ ಇದೆ. ಅದು ಅವರ ಇಷ್ಟ, ನಾವು ಅವರ ಪರವಾಗಿ ತೀರ್ಮಾನಿಸುವುದಲ್ಲ.

ಅರ್ಜಿ ಕೊಡುವ ದಿನ

ಪೌತಿ ಖಾತೆಯ ಅರ್ಜಿಯನ್ನು ಹೋಬಳಿಯ ನಾಡಕಚೇರಿಯಲ್ಲಿ ಕೊಡಬಹುದು. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಸಂತೆಯ ದಿನ ಜನ ಕಿಕ್ಕಿರಿದಿರುತ್ತಾರೆ. ಆಷಾಢದ ಮಳೆಗೆ ಕರೆಂಟು, ನೆಟ್‌ವರ್ಕು ಎರಡೂ ಹೋಗಿರುವ ಸಾಧ್ಯತೆ ಇರುವುದರಿಂದ ಹೊರಡುವ ಮುನ್ನ ಫೋನ್ ಮಾಡಿ ವಿಚಾರಿಸಿ. ಹೊಸನಗರದ, ತೀರ್ಥಹಳ್ಳಿಯ ಒಳ ಊರುಗಳಿಂದ ದಿನಕ್ಕೆರಡು ಬಸ್ಸು ನಂಬಿ ಬರುವವರಿಗೆ ‘ಇಂದು ಸರ್ವರ್ ಇಲ್ಲ’ ಎಂಬ ಮಾತು ಒಂದು ದಿನದ ಕೂಲಿಯನ್ನೇ ನುಂಗುತ್ತದೆ.

ಕಾಗದಗಳನ್ನು ಎರಡು ಜೊತೆ ಮಾಡಿ. ಮೂಲ ಪ್ರತಿಯನ್ನು ಯಾರ ಕೈಗೂ ಬಿಟ್ಟು ಬರಬೇಡಿ, ತೋರಿಸಿ ವಾಪಸ್ ತೆಗೆದುಕೊಳ್ಳಿ. ಅರ್ಜಿಯ ಕೆಳಗೆ ಲಗತ್ತುಗಳ ಪಟ್ಟಿ ಬರೆದು ಒಟ್ಟು ಪುಟ ಎಷ್ಟೆಂದು ನಮೂದಿಸಿ. ‘ಈ ಕಾಗದ ನೀವು ಕೊಟ್ಟೇ ಇಲ್ಲ’ ಎಂಬ ಮಾತು ಆಮೇಲೆ ಬಾರದಿರಲಿ.

ಸ್ವೀಕೃತಿ ಚೀಟಿ ಇಲ್ಲದೆ ಅಲ್ಲಿಂದ ಏಳಬೇಡಿ. ಇದು ಅವರು ತೋರಿಸುವ ದಯೆಯಲ್ಲ. ಭೂಮಿಯ ಹಕ್ಕು ಬಂದದ್ದನ್ನು ವರದಿ ಮಾಡಿದವರಿಗೆ ಕೂಡಲೇ ಲಿಖಿತ ಸ್ವೀಕೃತಿ ಕೊಡಬೇಕೆಂದು ಕರ್ನಾಟಕ ಭೂಕಂದಾಯ ಅಧಿನಿಯಮ 1964ರ ಕಲಂ 128 ಹೇಳುತ್ತದೆ. ಸೇವೆಯು ‘ಸಕಾಲ’ದ, ಅಂದರೆ ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ರಾಜ್ಯದ ಕಾನೂನಿನ, ಪಟ್ಟಿಯಲ್ಲಿದ್ದರೆ ಚೀಟಿಯ ಮೇಲೆ ಅರ್ಜಿಯನ್ನು ಗುರುತಿಸುವ 15 ಅಂಕಿಯ ಜಿ.ಎಸ್.ಸಿ. ಸಂಖ್ಯೆಯೂ ಕೆಲಸ ಮುಗಿಯಬೇಕಾದ ದಿನಾಂಕವೂ ಇರುತ್ತವೆ. ಆ ಚೀಟಿಯ ಶಾಯಿ ಮಳೆಗಾಲದ ತೇವಕ್ಕೆ ಬೇಗ ಮಾಸುತ್ತದೆ. ಕೂಡಲೇ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ, ಒಂದು ಜೆರಾಕ್ಸ್ ಮಾಡಿಸಿ.

ಒಂದು ನೋಟ್‌ಬುಕ್ ಇಡಿ

ನೂರು ಪುಟದ ಸಾಮಾನ್ಯ ನೋಟ್‌ಬುಕ್ ಸಾಕು. ಹೋದ ದಿನ, ಭೇಟಿಯಾದವರ ಹುದ್ದೆ, ಅವರು ಹೇಳಿದ ಮಾತು, ಮುಂದಿನ ದಿನಾಂಕ. ಕಡತ ನಡೆಯುವ ದಾರಿಯನ್ನೂ ಮೊದಲ ಪುಟದಲ್ಲಿ ಬರೆದಿಡಿ: ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರು, ಉಪತಹಶೀಲ್ದಾರ್ ಅಥವಾ ಶಿರಸ್ತೇದಾರ್, ತಹಶೀಲ್ದಾರ್. ‘ನನ್ನ ಕೆಲಸ ಆಯಿತೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಒಂದೇ ಉತ್ತರ ಬರುತ್ತದೆ. ‘ಕಡತ ಈಗ ಯಾರ ಬಳಿ ಇದೆ? ಅಲ್ಲಿಗೆ ಯಾವ ದಿನ ಹೋಯಿತು? ಮುಂದಕ್ಕೆ ಹೋಗಲು ಏನು ಬಾಕಿ ಇದೆ?’ ಎಂದು ಕೇಳಿದರೆ ಉತ್ತರಿಸುವವರು ಕಂಪ್ಯೂಟರ್ ನೋಡಲೇಬೇಕಾಗುತ್ತದೆ.

ಕಟ್ಟೆಯ ಈಚೆ ನಿಂತವರ ಸಂಕಟ ನನಗೆ ಗೊತ್ತು, ಆದರೆ ಧ್ವನಿ ಏರಿಸಬೇಡಿ. ಎಷ್ಟೋ ಕಡೆ ಒಬ್ಬರೇ ಗ್ರಾಮ ಆಡಳಿತ ಅಧಿಕಾರಿ ಎರಡು ಮೂರು ವೃತ್ತಗಳನ್ನು ನೋಡಿಕೊಳ್ಳುತ್ತಾರೆ. ಬೆಳೆ ಸಮೀಕ್ಷೆ, ಚುನಾವಣೆ, ಮಳೆ ಹಾನಿಯ ಪಟ್ಟಿ ಎಲ್ಲವೂ ಅವರ ತಲೆಯ ಮೇಲೆಯೇ. ಕಷ್ಟಪಟ್ಟು ದುಡಿಯುವ ಪ್ರಾಮಾಣಿಕರನ್ನು ನಾನೇ ಕಂಡಿದ್ದೇನೆ. ಕೊನೆಗೆ ನಮ್ಮ ತಿದ್ದುಪಡಿಯ ವರದಿ ಬರೆದವರು ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತು ಮಹಜರು ಮಾಡಿದ್ದರು. ಅವರ ಕೆಲಸದ ಹೊರೆ ನಿಜ. ಹಾಗೆಂದು ನಮಗೆ ಒಂದು ಸಾಲಿನ ಪತ್ರ ಬರೆಯದೆ ವರ್ಷಗಟ್ಟಲೆ ಅಲೆಸುವುದನ್ನು ಒಪ್ಪಲಾಗದು.

ಗಡುವು ದಾಟಿದ ಮರುದಿನ

ಬಾಯಲ್ಲಿ ಕೇಳುವುದನ್ನು ಇಲ್ಲಿಗೆ ನಿಲ್ಲಿಸಿ. ಒಂದು ಪುಟದ ಜ್ಞಾಪನ ಪತ್ರ ಬರೆಯಿರಿ: ಅರ್ಜಿಯ ದಿನಾಂಕ, ಜಿ.ಎಸ್.ಸಿ. ಸಂಖ್ಯೆ, ಸರ್ವೆ ನಂಬರ್, ಗಡುವು ಮೀರಿದ ದಿನ. ಕೊನೆಗೆ ಈ ವಾಕ್ಯ ಇರಲಿ: ‘ನನ್ನ ಅರ್ಜಿಯನ್ನು ಇತ್ಯರ್ಥಪಡಿಸಿ, ಅಥವಾ ಇತ್ಯರ್ಥಪಡಿಸಲು ಇರುವ ಅಡಚಣೆಯನ್ನು ಕಾರಣ ಸಹಿತ ಹಿಂಬರಹದ ಮೂಲಕ ತಿಳಿಸಬೇಕಾಗಿ ಕೋರುತ್ತೇನೆ.’

‘ಹಿಂಬರಹ’ ಎಂಬ ಪದವನ್ನು ನೆನಪಿಡಿ. ಕಚೇರಿಯು ಅರ್ಜಿದಾರನಿಗೆ ಲಿಖಿತವಾಗಿ ಕೊಡುವ ಉತ್ತರ ಅದು. ‘ಆಗುವುದಿಲ್ಲ’ ಎಂದು ಬಾಯಲ್ಲಿ ಹೇಳಿದ್ದನ್ನು ಯಾವ ಮೇಲಧಿಕಾರಿಯ ಮುಂದೆಯೂ ಇಡಲಾಗದು. ‘ಆಗುವುದಿಲ್ಲ’ ಎಂದು ಬರೆದು ಕೊಟ್ಟರೆ ಅದನ್ನು ಪ್ರಶ್ನಿಸಲು ದಾರಿ ತೆರೆಯುತ್ತದೆ. ನಕಾರದ ಹಿಂಬರಹ ಬಂದರೂ ಎದೆಗುಂದಬೇಡಿ. ಏನೂ ಬಾರದಿರುವುದಕ್ಕಿಂತ ಅದು ಎಷ್ಟೋ ಮೇಲು.

ಈ ಪತ್ರವನ್ನು ಕೇಸ್ ವರ್ಕರ್ ಕೈಗೆ ಕೊಡಬೇಡಿ. ತಾಲ್ಲೂಕು ಕಚೇರಿಯ ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ವಾದ ಬೇಡ, ನೇರ ಅಂಚೆ ಕಚೇರಿಗೆ ನಡೆದು ತಹಶೀಲ್ದಾರರ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ನೋಟ್‌ಬುಕ್‌ಗೆ ಅಂಟಿಸಿ.

ಇದರ ಜೊತೆಗೇ ಸಕಾಲದ ಮೇಲ್ಮನವಿ ಹಾಕಿ. ನಾಗರಿಕರಿಗೆ ಸೇವೆಗಳನ್ನು ಖಾತರಿಪಡಿಸುವ ಈ ಕಾನೂನು 2011ರದು, 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂತು. ಗಡುವು ಮೀರಿದ ಅಥವಾ ಅರ್ಜಿ ತಿರಸ್ಕೃತವಾದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. 500 ರೂಪಾಯಿಗೆ ನಮ್ಮ ಬಸ್ ಖರ್ಚೂ ಹುಟ್ಟುವುದಿಲ್ಲ. ಆದರೂ ಕೇಳಿ, ಏಕೆಂದರೆ ಅದು ತಡಮಾಡಿದ ಅಧಿಕಾರಿಯ ಹೆಸರಿನ ಮುಂದೆ ದಾಖಲಾಗುತ್ತದೆ. 1902ಕ್ಕೆ ಕರೆ ಮಾಡಿ ಜನಸ್ಪಂದನದಲ್ಲೂ ದೂರು ದಾಖಲಿಸಬಹುದು. ಕರೆ ಮಾಡಿದರೆ ದೂರಿನ ಸಂಖ್ಯೆ ಬರೆದುಕೊಳ್ಳದೆ ಫೋನ್ ಇಡಬೇಡಿ.

ಕಡತದ ಒಳಗೆ ಏನಿದೆ ಎಂದು ನೋಡುವುದು

ನನ್ನ ಬೀಗ ತೆರೆದದ್ದು ಮಾಹಿತಿ ಹಕ್ಕು ಕಾಯ್ದೆ, 2005. ಹಲವರು ಇದನ್ನು ಬಳಸಿ ಸೋತಿದ್ದಾರೆ, ಕಾರಣ ಅವರು ಕೇಳಿದ ಪ್ರಶ್ನೆ. ‘ನನ್ನ ಕೆಲಸ ಏಕೆ ಮಾಡಿಲ್ಲ?’ ಎಂದು ಕೇಳಿದರೆ ‘ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಕಡತದಲ್ಲಿ ಈಗಾಗಲೇ ಇರುವ ಕಾಗದದ ಪ್ರತಿಯನ್ನು ಕೇಳಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದು 150 ಪದ ಮೀರಬಾರದು. ನಮೂನೆ ‘ಎ’ಯಲ್ಲಿ, ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಕೊಡಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು, ನಿಮ್ಮ ಸಂಖ್ಯೆಗಳನ್ನು ಹಾಕಿ ಬಳಸಿಕೊಳ್ಳಿ:

‘ದಿನಾಂಕ ……ರಂದು ಸರ್ವೆ ನಂಬರ್ ……ಕ್ಕೆ ಸಂಬಂಧಿಸಿ ಸಲ್ಲಿಸಿದ ಪೌತಿ ಖಾತೆ ಅರ್ಜಿ (ಸ್ವೀಕೃತಿ ಸಂಖ್ಯೆ ……) ಕುರಿತು:
1. ಅರ್ಜಿ ಸ್ವೀಕರಿಸಿದ ದಿನದಿಂದ ಇಂದಿನವರೆಗಿನ ಕಡತದ ಚಲನವಲನದ ದಾಖಲೆ, ಯಾವ ಹುದ್ದೆಯವರ ಬಳಿ ಯಾವ ದಿನದಿಂದ ಯಾವ ದಿನದವರೆಗೆ ಇತ್ತು ಎಂಬ ನಮೂದಿನ ಸಹಿತ.
2. ಕಡತದ ಎಲ್ಲ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ.
3. ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿಗಳ ದೃಢೀಕೃತ ಪ್ರತಿ.
4. ಈ ಕಡತವನ್ನು ಖುದ್ದಾಗಿ ಪರಿಶೀಲಿಸಲು ಅವಕಾಶ.’

ಏಕೆ ಬೇಕು ಎಂಬ ಕಾರಣ ಹೇಳುವ ಅಗತ್ಯ ನಿಮಗಿಲ್ಲ. ಉತ್ತರ 30 ದಿನಗಳಲ್ಲಿ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಇಲಾಖೆಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬಹುದು. ಮಾಹಿತಿ ಕೊಡದೆ ಸತಾಯಿಸಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ನಮ್ಮ ವಿಷಯದಲ್ಲಿ ಉತ್ತರ ಬಂದದ್ದು ಇಪ್ಪತ್ತೇಳನೆಯ ದಿನ. ಅಂಚೆಯವರು ತಂದ ಕಂದು ಲಕೋಟೆಯನ್ನು ಅಮ್ಮ ಜಗುಲಿಯ ಮೇಲೆ ಕುಳಿತು, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ತುದಿಯಿಂದಲೇ ಬಿಡಿಸಿದರು. ನಾಲ್ಕು ಹಾಳೆ. ನಾನು ಓದಿ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: ‘ಇಷ್ಟೇ ಆಗಿತ್ತೇ?’

ಕಾರಣ ತಿಳಿದ ಮೇಲೆ

ಕೊರತೆ ಕಾಗದದ್ದಾದರೆ ಆ ಕಾಗದವನ್ನು ಪತ್ರದ ಜೊತೆ ಟಪಾಲಿನಲ್ಲೇ ಕೊಡಿ. ತಿರಸ್ಕಾರದ ಆದೇಶವೇ ಆಗಿದ್ದರೆ ಭೂಕಂದಾಯ ಅಧಿನಿಯಮದ ಕಲಂ 136(2)ರಂತೆ ಉಪವಿಭಾಗಾಧಿಕಾರಿಗೆ 60 ದಿನಗಳೊಳಗೆ ಮೇಲ್ಮನವಿ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ ಮತ್ತು ಸಾಗರ ಎಂದು ಎರಡು ಉಪವಿಭಾಗಗಳಿವೆ. ಅಲ್ಲಿಯೂ ಆಗದಿದ್ದರೆ 136(3)ರಂತೆ ಜಿಲ್ಲಾಧಿಕಾರಿಯ ಮುಂದೆ. ಇಲ್ಲಿ ವಕೀಲರ ಸಹಾಯ ಪಡೆಯುವುದು ಒಳ್ಳೆಯದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ. ಅಮ್ಮಂದಿರ ಹೆಸರಿನಲ್ಲಿ ಅರ್ಜಿ ಇದ್ದರೆ ಇದನ್ನು ಖಂಡಿತ ಬಳಸಿಕೊಳ್ಳಿ.

ಯಾರಾದರೂ ತಕರಾರು ಹಾಕಿದ್ದರೆ ಮಾತ್ರ ಇದು ಬೇರೆ ಹಾದಿ. ಕಡತ ತಕರಾರು ಪ್ರಕರಣವಾಗಿ ವಿಚಾರಣೆ ನಡೆಯುತ್ತದೆ. ಪ್ರತಿ ವಾಯಿದೆಗೂ ಹಾಜರಾಗಿ, ಹಾಜರಿ ಹಾಕಿಸಿ.

ಹಣ ಕೇಳಿದರೆ

ಕೊಡಬೇಡಿ. ನೇರವಾಗಿ ಕೇಳುವವರಿಗಿಂತ ಕಚೇರಿಯ ಹೊರಗೆ ನಿಂತು ‘ನಾನು ಮಾಡಿಸಿಕೊಡುತ್ತೇನೆ’ ಎನ್ನುವವರೇ ಹೆಚ್ಚು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಬಳಿಕ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆಯಿದೆ. ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿದ ಮೇಲೆ ಈ ದೂರುಗಳನ್ನು ಲೋಕಾಯುಕ್ತ ಪೊಲೀಸರೇ ನೋಡುತ್ತಾರೆ. ಕೊಡುವ ಮೊದಲೇ ಅವರ ಬಳಿ ಹೋಗಿ. ವಿಳಂಬ, ದುರಾಡಳಿತದ ದೂರನ್ನು ಲೋಕಾಯುಕ್ತಕ್ಕೆ ನಮೂನೆ 1 ಮತ್ತು 2ರಲ್ಲಿ, ಪ್ರಮಾಣಪತ್ರದೊಂದಿಗೆ ಸಲ್ಲಿಸಬಹುದು. ಅಲ್ಲಿ ನಿಮ್ಮ ನೋಟ್‌ಬುಕ್ಕೂ ಮೊಹರು ಬಿದ್ದ ಪ್ರತಿಗಳೂ ಕೆಲಸಕ್ಕೆ ಬರುತ್ತವೆ.

ಬಗರ್‌ಹುಕುಂ ಮತ್ತು ಅರಣ್ಯ ಭೂಮಿಯವರಿಗೆ

ಮೇಲಿನ ಹೆಜ್ಜೆಗಳು ಈಗಾಗಲೇ ಪಹಣಿ ಇರುವ ಜಮೀನಿನವು. ನಮೂನೆ 50, 53, 57ರ ಬಗರ್‌ಹುಕುಂ ಅರ್ಜಿಗಳು, ಅಂದರೆ ಮಂಜೂರಾತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನಿನ ಸಕ್ರಮಕ್ಕೆ ಹಾಕಿದವು, ಸಮಿತಿಯ ಮುಂದೆ ಹೋಗುತ್ತವೆ. ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು ಗ್ರಾಮಸಭೆಯಿಂದ ಹೊರಟು ಉಪವಿಭಾಗ ಮಟ್ಟದ, ಜಿಲ್ಲಾ ಮಟ್ಟದ ಸಮಿತಿಗಳಿಗೆ ಏರುತ್ತವೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ನೆಲೆಸಿದ್ದನ್ನು ತೋರಿಸಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಊರುಗಳು ಮುಳುಗಿದವು. ಶರಾವತಿ ಮುಳುಗಡೆಯ ಕುಟುಂಬಗಳಲ್ಲಿ ಇಂದಿಗೂ ಹಕ್ಕುಪತ್ರಕ್ಕೆ ಕಾಯುತ್ತಿರುವವರಿದ್ದಾರೆ. ನಾಡಿಗೆ ಬೆಳಕು ಕೊಟ್ಟವರು ಮೂರನೇ ತಲೆಮಾರಿಗೂ ಅರ್ಜಿ ಹಿಡಿದು ನಿಲ್ಲಬೇಕಾಗಿರುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಹಾದಿ ಬೇರೆಯಾದರೂ ಸ್ವೀಕೃತಿ, ಹಿಂಬರಹ, ಟಿಪ್ಪಣಿ ಹಾಳೆ ಈ ಮೂರು ಅವರಿಗೂ ಬೇಕು.

ಖಾತೆಯಾದ ದಿನ

ಎಸ್ಎಂಎಸ್ ಬಂತೆಂದು ಸುಮ್ಮನಾಗಬೇಡಿ. ಹೊಸ ಪಹಣಿ ತೆಗೆಸಿ ಕಾಲಂ 9ರಲ್ಲಿ ಎಲ್ಲ ವಾರಸುದಾರರ ಹೆಸರೂ ಸರಿಯಾಗಿ ಬಂದಿದೆಯೇ, ವಿಸ್ತೀರ್ಣದ ಎಕರೆ, ಗುಂಟೆ ಹಳೆಯದಕ್ಕೆ ತಾಳೆಯಾಗುತ್ತದೆಯೇ ಎಂದು ಅಲ್ಲೇ ನಿಂತು ಓದಿ. ತಪ್ಪಿದ್ದರೆ ಅಂದೇ ಟಪಾಲಿನಲ್ಲಿ ಪತ್ರ ಕೊಡಿ. ಮ್ಯುಟೇಶನ್ ಪ್ರತಿಯನ್ನೂ ಪಡೆಯಿರಿ. ಅಲ್ಲಿಂದ ನೇರ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಫ್ರೂಟ್ಸ್‌ನಲ್ಲಿ ಜಮೀನು ಜೋಡಿಸಿ, ಆಮೇಲೆ ಸೊಸೈಟಿಗೆ ಹೋಗಿ. ಅಡಿಕೆ ವಿಮೆಯ ಕಂತು ಕಟ್ಟುವ ಕೊನೆಯ ದಿನ ಯಾವುದೆಂದು ಅಲ್ಲೇ ಕೇಳಿ ಬರೆದುಕೊಳ್ಳಿ. ನಾವು ಆ ವರ್ಷ ಎರಡು ದಿನ ಬಾಕಿ ಇರುವಾಗ ಕಟ್ಟಿದೆವು.